ತಪ್ಪಿಲ್ಲದ ಹಾಡು

ನಮ್ಮ ಮೊಮ್ಮಗಳಿಗೆ ಕೊರಿಯಾದ ಹಾಡುಗಳ ಹುಚ್ಚು. ನಾನು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರೆ ಅವಳು ಅಡುಗೆಮನೆಯ ಕಟ್ಟೆಗೆ ಮೊಬೈಲು ಒರಗಿಸಿಟ್ಟು ಒಂದಾದ ಮೇಲೊಂದು ಹಾಕುತ್ತಿರುತ್ತಾಳೆ. ನಿಜ ಹೇಳಬೇಕೆಂದರೆ ಅವುಗಳಲ್ಲಿ ಹೆಚ್ಚಿನವು ನನಗೆ ಒಂದೇ ತರಹ ಕೇಳಿಸುತ್ತವೆ. ಆ ದಿನ ಮಾತ್ರ ಅನುಮಾನ ಬಂತು.

"ಈಗ ತಾನೇ ಹಾಕಿದ್ದು ಇದೇ ಅಲ್ಲವೇನೇ?"

"ರಾಗ ಅದೇ ಅಜ್ಜಿ, ಭಾಷೆ ಬೇರೆ. ಮೊದಲಿನದು ಕೊರಿಯನ್, ಇದು ಜಪಾನಿ. ಇದನ್ನು ಹಾಡುವಾಗ ಅವಳಿಗೆ ಹದಿನಾಲ್ಕೇ ವರ್ಷ, ಗೊತ್ತಾ?"

ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. "ಇನ್ನೊಂದು ಸಲ ಹಾಕು, ಎರಡನ್ನೂ" ಎಂದೆ.

ಹಾಡುಗಾರ್ತಿಯ ಹೆಸರು ಬೋಆ. ಹುಟ್ಟಿದ್ದು 1986ರಲ್ಲಿ, ಸೋಲ್ ನಗರದ ಪಕ್ಕದ ಗುರಿ ಎಂಬ ಊರಿನಲ್ಲಿ. 1998ರಲ್ಲಿ ಅಣ್ಣನಿಗೆಂದು ಇದ್ದ ಪರೀಕ್ಷೆಗೆ ಜೊತೆಗೆ ಹೋದವಳು. ಸಂಗೀತ ಕಂಪನಿಯವರ ಕಣ್ಣಿಗೆ ಬಿದ್ದದ್ದು ಅಣ್ಣನಲ್ಲ, ಈ 11 ವರ್ಷದ ತಂಗಿ. ಆಮೇಲೆ ಎರಡು ವರ್ಷ ಕುಣಿತ, ಹಾಡು, ಇಂಗ್ಲಿಷು, ಜಪಾನಿ. ಜಪಾನಿನವರ ಮನೆಯೊಂದರಲ್ಲಿದ್ದು ಭಾಷೆ ಕಲಿತಳಂತೆ. ಶಾಲೆ ನಡುವಿನಲ್ಲೇ ನಿಂತಿತು. 2000ದ ಆಗಸ್ಟಿನಲ್ಲಿ ಕೊರಿಯನ್ನಿನಲ್ಲಿ ಬಂದ 'ಐಡಿ. ಪೀಸ್ ಬಿ' ಎಂಬ ಹಾಡನ್ನೇ ಜಪಾನಿಯಲ್ಲಿ ಹಾಡಿಸಿ, 2001ರ ಮೇ 30ರಂದು ಏವೆಕ್ಸ್ ಕಂಪನಿ ಅಲ್ಲಿನ ಮಾರುಕಟ್ಟೆಗೆ ಬಿಟ್ಟಿತು. ಜಪಾನಿನಲ್ಲಿ ಅವಳ ಮೊದಲ ಹಾಡು ಅದು.

ನನಗೆ ಎರಡು ಭಾಷೆಯೂ ಬಾರದು. ಆದರೂ ಐದಾರು ಸಲ ಕೇಳಿದ ಮೇಲೆ ಒಂದು ವಿಷಯ ಹೊಳೆಯಿತು. ಕೊರಿಯನ್ನರು ಪದದ ಕೊನೆಗೆ ಕ್, ತ್, ಪ್ ಬಂದರೆ ಉಸಿರು ಹೊರಗೆ ಬಿಡದೆ ಅಲ್ಲೇ ತಡೆದು ನಿಲ್ಲಿಸುತ್ತಾರೆ; ಒನಕೆ ಕುಟ್ಟಿದಂತೆ ಕೇಳುತ್ತದೆ. ಜಪಾನಿಯಲ್ಲಿ ಹಾಗಲ್ಲ. 'ನ್' ಒಂದನ್ನು ಬಿಟ್ಟರೆ ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ, ಹೆಚ್ಚುಕಡಿಮೆ ನಮ್ಮ ಕನ್ನಡದ ಹಾಗೆ. ನಾವು ಬಸ್ಸು ಎನ್ನುತ್ತೇವೆ, ಅವರೂ 'ಬಸು' ಎಂದೇ ಬರೆಯುತ್ತಾರೆ. ಮಿಲ್ಕ್ ಅವರ ಬಾಯಲ್ಲಿ 'ಮಿರುಕು'. ಈ ಹಾಡಿನ ತಾಳವೋ ಬಲು ಗಡುಸು. ಕೊರಿಯನ್ ಪದಗಳು ಆ ತಾಳಕ್ಕೆ ಎದುರೆದುರೇ ಬಡಿದಾಡುತ್ತವೆ. ಜಪಾನಿ ಪದಗಳು ಅದರ ಮೇಲೆ ಜಾರಿ ಹೋಗುತ್ತವೆ. ಅದೇ ಹುಡುಗಿ, ಅದೇ ರಾಗ. ಆದರೆ ಮೊದಲಿನದರಲ್ಲಿ ಜಗಳಗಂಟಿಯಂತಿದ್ದವಳು ಎರಡನೆಯದರಲ್ಲಿ ಮಡಿಸಿಟ್ಟ ಸೀರೆಯಂತಾಗಿದ್ದಾಳೆ.

ಕೊರಿಯನ್ ಭಾಷೆಯಲ್ಲಿ ಇಂಗ್ಲಿಷಿನ 'ಝೀರೋ'ದ ಮೊದಲ ಅಕ್ಷರದ ಉಚ್ಚಾರವೇ ಇಲ್ಲ, 'ತ್ಸು' ಕೂಡ ಇಲ್ಲ. ಜಪಾನಿಯಲ್ಲಿ ಎರಡೂ ಹೆಜ್ಜೆಹೆಜ್ಜೆಗೆ ಬರುತ್ತವೆ. ಅಂಥ ಕಡೆಗಳಲ್ಲಿ ಈ ಮಗು ಅಕ್ಷರವನ್ನು ಕಾಲಿಟ್ಟು ನೋಡಿ ದಾಟುವುದು ನನ್ನ ಕಿವಿಗೆ ಗೊತ್ತಾಗುತ್ತದೆ. ಜಾರುವುದಿಲ್ಲ, ಎಲ್ಲಿಯೂ ಜಾರುವುದಿಲ್ಲ. ಹೊಗಳುವವರು ಇದನ್ನೇ ಹೊಗಳುತ್ತಾರೆ. ನನಗೆ ತಡೆದದ್ದೂ ಇದೇ.

ಅವಳು ತಪ್ಪು ಮಾಡುವಂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಕೊನೆಕೊನೆಗೆ ಶಾಲೆಗಳಲ್ಲಿ ಕೊರಿಯನ್ ಪಾಠವನ್ನೇ ತೆಗೆದರು, 1940ರಿಂದ ಜಪಾನಿ ಮಾದರಿಯ ಹೆಸರಿಟ್ಟುಕೊಳ್ಳಿ ಎಂದು ಒತ್ತಾಯಿಸಿದರು. ಆ ನೋವಿನಿಂದ ಸ್ವತಂತ್ರ ಕೊರಿಯಾ ಜಪಾನಿ ಸಿನಿಮಾ, ಹಾಡುಗಳಿಗೆ ಬಾಗಿಲು ಹಾಕಿಕೊಂಡಿತು. ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯತೊಡಗಿದ್ದು 1998ರಲ್ಲಿ. ಜಪಾನಿ ಭಾಷೆಯ ಹಾಡಿನ ಸಿ.ಡಿ.ಗಳನ್ನು ಅಲ್ಲಿನ ಅಂಗಡಿಗಳಲ್ಲಿ ಮಾರಲು ಬಿಟ್ಟದ್ದಂತೂ 2004ರ ಜನವರಿಯಿಂದ. ಅಂದರೆ ಈ ಹುಡುಗಿ 2001ರಲ್ಲಿ ಹಾಡಿದ್ದನ್ನು ಅವಳ ಊರಿನ ಅಂಗಡಿಯಲ್ಲೇ ಇಡುವಂತಿರಲಿಲ್ಲ! ಅತ್ತ ಜಪಾನಿನವರ ಕಿವಿ ತಪ್ಪು ಹುಡುಕುತ್ತಿದ್ದೀತು, ಇತ್ತ ಅವಳ ಊರಿನವರಲ್ಲಿ ಎಷ್ಟು ಜನಕ್ಕೆ ಅವಳ ಸರಿಯೇ ಚುಚ್ಚುತ್ತಿತ್ತೋ. ಇದೆಲ್ಲ 14 ವರ್ಷದ ಹೆಗಲ ಮೇಲೆ.

ನನ್ನದು ಅಷ್ಟು ದೊಡ್ಡ ಕಥೆಯಲ್ಲ. ಸಾಗರದವಳಾದ ನನ್ನನ್ನು ಮೀರಜಿನ ಮನೆಗೆ ಕೊಟ್ಟರು. ಮನೆಮಾತು ಮರಾಠಿ. ಮದುವೆಗೆ ಮುಂಚೆ ನಾಲ್ಕು ತಿಂಗಳು ಪುಸ್ತಕ ಹಿಡಿದು ಕಲಿತು ಹೋಗಿದ್ದೆ. ಖಾತ್ರಿಯಿದ್ದ ವಾಕ್ಯಗಳನ್ನಷ್ಟೇ ಆಡುತ್ತಿದ್ದೆ, ಅನುಮಾನವಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಬಂದವರ ಮುಂದೆಲ್ಲ ಅತ್ತೆ, "ನಮ್ಮ ಸೊಸೆಯ ಮಾತಿನಲ್ಲಿ ಒಂದು ತಪ್ಪು ಹುಡುಕಿ ನೋಡೋಣ" ಎನ್ನುತ್ತಿದ್ದರು. ನಾದಿನಿ ಮಾತ್ರ ಒಂದು ದಿನ, "ವಹಿನಿ, ನೀವು ನಿಮ್ಮ ಊರಿನಲ್ಲೂ ಹೀಗೇ ಇದ್ದಿರಾ?" ಎಂದು ಕೇಳಿದಳು. ತವರಿನಲ್ಲಿ ನನ್ನ ಬಾಯಿಗೆ ಬೀಗವೇ ಇರಲಿಲ್ಲ ಎಂದು ಅವಳಿಗೆ ಹೇಳಬೇಕೆನಿಸಿತು. ಅದನ್ನು ಹೇಳುವಷ್ಟು ಮರಾಠಿ ಬರುತ್ತಿರಲಿಲ್ಲ. ವರ್ಷ ಕಳೆದ ಮೇಲೆ ಹಾಲಿನ ಪಾತ್ರೆಗೆ ಬಾಯಿ ಹಾಕಿದ ಬೆಕ್ಕನ್ನು ಮರಾಠಿಯಲ್ಲಿ ಬೈದೆ. ಲಿಂಗ, ವಚನ ಎಲ್ಲ ತಪ್ಪು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಬೋಆಳ ಆ ಹಾಡಿನಲ್ಲಿ ನನಗೆ ಕೇಳಿಸುವುದು ಬೆಕ್ಕನ್ನು ಬೈಯುವುದಕ್ಕೆ ಮುಂಚಿನ ವರ್ಷ. ಹಾಡಿನ ವಿಷಯವೇನೋ ಇಂಟರ್ನೆಟ್ ಕಾಲದ ಹುಡುಗರು ದೊಡ್ಡವರಿಗೆ ತಿಳಿಯದ ತಮ್ಮದೇ ಲೋಕ ಕಟ್ಟಿಕೊಳ್ಳುವುದು. ಐಡಿ ಎಂದರೆ ಗುರುತು ತಾನೆ? ಆ ಗುರುತಿನ ಹಾಡನ್ನು ಕಟ್ಟಿದವರು ದೊಡ್ಡವರು, ಭಾಷೆ ಬದಲಿಸಿದವರು ದೊಡ್ಡವರು. ಹುಡುಗಿ ಒಪ್ಪಿಸಿದ್ದಾಳೆ. ಜಪಾನಿನ ಒರಿಕಾನ್ ಪಟ್ಟಿಯಲ್ಲಿ ಅದು 20ನೆಯ ಸ್ಥಾನದವರೆಗೆ ಬಂತು. ಹೊಸಬಳಿಗೆ ಕಡಿಮೆಯೇನಲ್ಲ, ಮೆರೆಯುವಂಥದ್ದೂ ಅಲ್ಲ.

2002ರ ಜನವರಿಯಲ್ಲಿ ಬಂದ 'ಲಿಸನ್ ಟು ಮೈ ಹಾರ್ಟ್' ಕೇಳಿದರೆ ಬೇರೆ ಹುಡುಗಿ ಸಿಗುತ್ತಾಳೆ. ದನಿ ಸಡಿಲವಾಗಿದೆ, ಉಸಿರು ಕೇಳುತ್ತದೆ, ಪದವನ್ನು ತುಸು ಎಳೆದು ತನಗೆ ಬೇಕಾದ ಹಾಗೆ ಬಿಡುತ್ತಾಳೆ. ಮಾರ್ಚ್ 13ರಂದು ಅದೇ ಹೆಸರಿನ ಆಲ್ಬಮ್ ಬಂದು ಪಟ್ಟಿಯ ಮೊದಲ ಸ್ಥಾನಕ್ಕೇರಿತು, ಹತ್ತು ಲಕ್ಷದ ಲೆಕ್ಕ ದಾಟಿತು. ಕೊರಿಯಾದ ಗಾಯಕರಲ್ಲಿ ಆ ಪಟ್ಟಿಯ ತುದಿ ಮುಟ್ಟಿದ ಮೊದಲಿಗಳು ಅವಳೇ. ಅವಳ ಹಾಡುಗಳಲ್ಲಿ ಒಂದನ್ನು ಇಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಮೊಮ್ಮಗಳು ಒಪ್ಪಲಿಲ್ಲ. "ಮೊದಲನೆಯದೇ ಚೆಂದ ಅಜ್ಜಿ. ಅಷ್ಟು ಚಿಕ್ಕವಳು, ಒಂದು ತಪ್ಪೂ ಇಲ್ಲ" ಎಂದಳು. ಅವಳೂ ಈಗ ಕೊರಿಯನ್ ಕಲಿಯುತ್ತಿದ್ದಾಳೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಾಳೆ.

"ಬೈಯುವುದು ಬರುತ್ತೇನೇ?" ಎಂದೆ.

"ಛೀ, ಇಲ್ಲಪ್ಪ. ಈಗಿನ್ನೂ ಧನ್ಯವಾದ, ಕ್ಷಮಿಸಿ, ಊಟವಾಯಿತೇ, ಇಷ್ಟೇ."

"ಅದನ್ನೂ ಬರೆದುಕೋ" ಎಂದು ಹೇಳಿ ಹುರುಳಿಕಾಯಿಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ.