ಲೋಹ ಎಲ್ಲಿದೆ ಎಂದು ಮೊದಲು ಕೇಳಿ

ಪಾತ್ರೆ ಅಂಗಡಿಯಲ್ಲಿ ಕೊಳಗ, ಕಡಾಯಿಗಳನ್ನು ತಕ್ಕಡಿಗೆ ಹಾಕಿಸಿ ಬೆಲೆ ಕಟ್ಟಿಸುವುದನ್ನು ನೋಡುತ್ತಾ ಬೆಳೆದವರು ನಾವು. ಕೈಗೆ ಭಾರ ಹತ್ತಿದರೆ ಗಟ್ಟಿ ಮಾಲು, ಹಗುರವಾಗಿದ್ದರೆ ಸುಳ್ಳು ಮಾಲು ಎನ್ನುವ ಲೆಕ್ಕ ಯಾರೂ ಕಲಿಸದೆಯೇ ಬಂದುಬಿಟ್ಟಿದೆ. ಆಕ್ಷನ್ ಫಿಗರ್ ಸಂಗ್ರಹಕ್ಕೆ ಹೊಸದಾಗಿ ಇಳಿದವರ ದಾರಿ ತಪ್ಪಿಸುವುದೂ ಇದೇ ಲೆಕ್ಕ. ಒಂದೇ ಎತ್ತರದ ಎರಡು ಐರನ್ ಮ್ಯಾನ್ ಗೊಂಬೆಗಳನ್ನು ಒಬ್ಬರ ಕೈಗೆ ಕೊಟ್ಟು ನೋಡಿ. ಡೈಕಾಸ್ಟ್, ಅಂದರೆ ಲೋಹದ ಎರಕದ, ಗೊಂಬೆ ಎತ್ತಿದಾಗ ಹುಬ್ಬು ಮೇಲೇರುತ್ತದೆ. ಪ್ಲಾಸ್ಟಿಕ್ ಗೊಂಬೆಯ ಬೆಲೆ ಕೇಳಿದಾಗ "ಇದಕ್ಕೆ ಇಷ್ಟಾ?" ಎನ್ನುತ್ತಾರೆ.

ಲೋಹಕ್ಕೆ ಹೆಚ್ಚಿನ ದುಡ್ಡು ಸುರಿಯಬೇಕೆ? ಯಂತ್ರದ ಪಾತ್ರವಾಗಿದ್ದು, ಲೋಹ ಪಾದದಲ್ಲೂ ಕೀಲಿನಲ್ಲೂ ಇದ್ದರೆ ಸುರಿಯಬಹುದು. ಉಳಿದ ಕಡೆ ಬಹುಪಾಲು ದಂಡ. ಹೀಗೆ ಹೇಳಿದ ಕೂಡಲೇ ಜಗಳಕ್ಕೆ ಬರುವ ಸಂಗ್ರಾಹಕರಿದ್ದಾರೆ. ಅವರ ಪ್ರೀತಿಯೂ ಹುಸಿಯಲ್ಲ. ಅದು ಹುಟ್ಟಿದ್ದು ಎಲ್ಲಿ ಎಂದು ತಿಳಿದರೆ ಗೊಂಬೆ ನೋಡುವ ಕಣ್ಣೂ ಬದಲಾಗುತ್ತದೆ.

1972ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ 'ಮಾಜಿಂಗರ್ ಝೆಡ್' ಶುರುವಾಯಿತು. ಗೋ ನಾಗಾಯ್ ಕಲ್ಪಿಸಿದ ದೈತ್ಯ ರೋಬೋ. ತಲೆಯೊಳಗೆ ಹುಡುಗನೊಬ್ಬ ಕೂತು ಓಡಿಸುತ್ತಾನೆ. ಕಥೆಯ ಪ್ರಕಾರ ಅದರ ಮೈ ಫ್ಯೂಜಿ ಪರ್ವತದ ಬುಡದಲ್ಲಿ ಸಿಗುವ ಅದಿರಿನಿಂದ ತೆಗೆದ 'ಚೋಗೋಕಿನ್ ಝೆಡ್' ಎಂಬ ಮಹಾ ಮಿಶ್ರಲೋಹದ್ದು. ಬಂಡಾಯ್ ಕಂಪನಿಯ ಅಂಗಸಂಸ್ಥೆ ಪೋಪಿ 1973ರಲ್ಲಿ ಅದರ ಅರವತ್ತು ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಗೊಂಬೆ ತಂದಿತು. ಒಳಗೆ ಪೊಳ್ಳು, ಮಗುವಿನ ಸೊಂಟದೆತ್ತರ; ಚೆನ್ನಾಗಿ ಮಾರಾಟವಾಯಿತು. ಮರುವರ್ಷ ಅದೇ ಪೋಪಿ ಅಂಗೈಯಲ್ಲಿ ಹಿಡಿಯಬಹುದಾದ, ಸತುವಿನ ಎರಕದ ಪುಟ್ಟ ಮಾಜಿಂಗರನ್ನು ಹೊರತಂದು ಅದಕ್ಕೆ 'ಚೋಗೋಕಿನ್' ಎಂದೇ ಹೆಸರಿಟ್ಟಿತು. ಗುಂಡಿ ಒತ್ತಿದರೆ ಸ್ಪ್ರಿಂಗ್ ಮುಷ್ಟಿ ಹಾರುತ್ತಿತ್ತು. ಟಿವಿಯಲ್ಲಿ ನೋಡಿದ ರೋಬೋ ಯಾವುದರಿಂದ ಆಗಿದೆಯೋ ಅದರಿಂದಲೇ ಆದ ಗೊಂಬೆ ತನ್ನ ಜೇಬಿನಲ್ಲಿದೆ ಎಂದು ಹುಡುಗ ನಂಬಬಹುದಿತ್ತು. ಹಾಗಾಗಿ ಅಲ್ಲಿ ಲೋಹ ಬರೀ ಗಟ್ಟಿತನಕ್ಕಿರಲಿಲ್ಲ, ಕಥೆಯ ಭಾಗವೇ ಆಗಿತ್ತು. ಮುಟ್ಟಿದರೆ ತಣ್ಣಗೆ, ನೆಲಕ್ಕಿಟ್ಟರೆ ಠಣ್ ಎಂಬ ಸದ್ದು.

ಆ ಮಕ್ಕಳು ದೊಡ್ಡವರಾಗಿ ಸಂಬಳ ಎಣಿಸುವ ಹೊತ್ತಿಗೆ, 1997ರಲ್ಲಿ, ಬಂಡಾಯ್ 'ಸೋಲ್ ಆಫ್ ಚೋಗೋಕಿನ್' ಎಂಬ ಸರಣಿ ಆರಂಭಿಸಿತು. ಮೊದಲ ಗೊಂಬೆ ಮತ್ತೆ ಮಾಜಿಂಗರ್. ಆಟಿಕೆಯಾಗಿದ್ದದ್ದು ದೊಡ್ಡವರ ಸಂಗ್ರಹದ ವಸ್ತುವಾಗಿ, ಅದಕ್ಕೆ ತಕ್ಕ ಬೆಲೆ ಹೊತ್ತು ಮರಳಿತು. ಇಂದು ಹಾಂಗ್‌ಕಾಂಗಿನ ಹಾಟ್ ಟಾಯ್ಸ್‌ನ ಡೈಕಾಸ್ಟ್ ಐರನ್ ಮ್ಯಾನ್ ಆಗಲಿ, ಬಂಡಾಯ್‌ನ 'ಮೆಟಲ್ ಬಿಲ್ಡ್' ಗುಂಡಮ್ ರೋಬೋಗಳಾಗಲಿ ಆ ಮನೆತನದ ಕುಡಿಗಳೇ.

ಈಗ ಲೋಹದ ವಿಷಯಕ್ಕೆ. ಪೆಟ್ಟಿಗೆಯ ಮೇಲೆ ಡೈಕಾಸ್ಟ್ ಎಂದಿದ್ದರೆ ಒಳಗಿರುವುದು ಉಕ್ಕಲ್ಲ, ಸತುವಿನ ಮಿಶ್ರಲೋಹ. ಅದರಲ್ಲಿ ಸುಮಾರು ನೂರಕ್ಕೆ 4ರಷ್ಟು ಅಲ್ಯೂಮಿನಿಯಂ, ಚಿಟಿಕೆಯಷ್ಟು ಮೆಗ್ನೀಸಿಯಂ, ಕೆಲವು ಬಗೆಗಳಲ್ಲಿ ತಾಮ್ರವೂ ಇರುತ್ತದೆ. ಬೀದರಿನ ಬಿದ್ರಿ ಹೂಜಿಯ ಮೈ ಕೂಡ ಹೆಚ್ಚುಪಾಲು ಸತುವೇ. ಅಲ್ಲಿ ಅದಕ್ಕೆ ತಾಮ್ರ ಬೆರೆಸಿ, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುತ್ತಾರೆ. ಬಿದ್ರಿಯವರೂ ಗೊಂಬೆಯವರೂ ಸತುವನ್ನು ಹಿಡಿದದ್ದು ಒಂದೇ ಕಾರಣಕ್ಕೆ: ಕಡಿಮೆ ಶಾಖಕ್ಕೆ ಕರಗುತ್ತದೆ, ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಗೊಂಬೆಯ ಮಿಶ್ರಲೋಹ ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೇ ನೀರಾಗುತ್ತದೆ. ಕಬ್ಬಿಣಕ್ಕೆ 1500 ದಾಟಬೇಕು.

ಹಾಗಾದರೆ ದುಬಾರಿ ಯಾಕೆ? ಲೋಹದ ಬೆಲೆಯಿಂದಂತೂ ಅಲ್ಲ. ಗೊಂಬೆಯೊಂದರಲ್ಲಿ ಅರ್ಧ ಕಿಲೋ ಸತು ಇದ್ದರೂ ಅದರ ಕಚ್ಚಾ ಬೆಲೆ ಒಂದು ಹೊತ್ತಿನ ಹೋಟೆಲ್ ಊಟದ ಆಸುಪಾಸು. ದುಡ್ಡು ಹೋಗುವುದು ಎರಕವಾದ ಮೇಲಿನ ಕೆಲಸಕ್ಕೆ. ಪ್ಲಾಸ್ಟಿಕ್ ತುಂಡು ಅಚ್ಚಿನಿಂದ ಹೊರಬರುವಾಗಲೇ ಕೆಂಪಾಗಿಯೋ ನೀಲಿಯಾಗಿಯೋ ಇರುತ್ತದೆ, ಬಣ್ಣ ಮೈಯೊಳಗೇ ಇದೆ. ಸತುವಿನ ತುಂಡು ಬೂದು ಬಣ್ಣದಲ್ಲಿ, ಅಂಚಿಗೆ ಲೋಹದ ಸಿಪ್ಪೆ ಅಂಟಿಸಿಕೊಂಡು ಬರುತ್ತದೆ. ಸಿಪ್ಪೆ ಕತ್ತರಿಸಬೇಕು, ಉಜ್ಜಿ ನಯ ಮಾಡಬೇಕು, ಪ್ರೈಮರ್ ಬಳಿಯಬೇಕು, ಮೇಲೆ ಬಣ್ಣ ಹಾಕಬೇಕು. ಪಕ್ಕದ ಪ್ಲಾಸ್ಟಿಕ್ ತುಂಡಿಗೂ ಇದಕ್ಕೂ ಬಣ್ಣದ ಛಾಯೆ ಹೊಂದಬೇಕು. ಈ ಕೊನೆಯದೇ ಕಷ್ಟದ್ದು, ನಿಮ್ಮ ಮೊದಲ ಪರೀಕ್ಷೆಯೂ ಅದೇ ಆಗಲಿ. ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎದೆಯ ಕೆಂಪು ಮತ್ತು ತೋಳಿನ ಕೆಂಪು ಒಂದೇ ಕೆಂಪೇ ಎಂದು ನೋಡಿ. ಬೇರೆಯಾಗಿ ಕಂಡರೆ ನೀವು ಕೊಡುತ್ತಿರುವ ಹೆಚ್ಚಿನ ದುಡ್ಡು ಕೆಲಸಗಾರಿಕೆಗೆ ಹೋಗಿಲ್ಲ, ತೂಕಕ್ಕೆ ಹೋಗಿದೆ.

ಎರಡನೆಯ ಪರೀಕ್ಷೆ ತೂಕದ್ದೇ, ಆದರೆ ಅದು ಎಲ್ಲಿ ಕೂತಿದೆ ಎಂಬುದರದ್ದು. ಈ ಮಿಶ್ರಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ 6.6 ಗ್ರಾಮಿನಷ್ಟು, ಆಟಿಕೆಗಳಲ್ಲಿ ಬಳಸುವ ಎಬಿಎಸ್ ಪ್ಲಾಸ್ಟಿಕ್ಕಿನದು ಒಂದಕ್ಕಿಂತ ತುಸು ಹೆಚ್ಚು. ಅದೇ ಗಾತ್ರಕ್ಕೆ ಆರು ಪಟ್ಟು ಭಾರ! ಈ ಭಾರ ಪಾದದಲ್ಲಿದ್ದರೆ ಗೊಂಬೆ ಒಂದೇ ಕಾಲಲ್ಲೂ ನಿಲ್ಲುತ್ತದೆ. ಮುಂಗೈಯಲ್ಲಿದ್ದರೆ ಎತ್ತಿದ ತೋಳು ಸಂಜೆಯೊಳಗೆ ಜೋತು ಬೀಳುತ್ತದೆ. ಭುಜದ ಕೀಲಿಗೆ ಅದು ದಿನವಿಡೀ ಹೊರಬೇಕಾದ ಹೊರೆ. ಭಾರದ ಗೊಂಬೆಗಳಲ್ಲಿ ರ್‍ಯಾಚೆಟ್ ಕೀಲು ಹಾಕುವುದು ಇದಕ್ಕೇ. ತಿರುಗಿಸಿದಾಗ ಕಟ್ ಕಟ್ ಎಂದು ಹಲ್ಲಿನಿಂದ ಹಲ್ಲಿಗೆ ಜಿಗಿಯುತ್ತದೆ. ಕೇಳಲು ಸೊಗಸು, ನಿಜ. ಆದರೆ ಎರಡು ಹಲ್ಲುಗಳ ನಡುವಿನ ಭಂಗಿ ನಿಮಗೆ ಸಿಗುವುದಿಲ್ಲ, ತಲೆ ಒಂಚೂರು ಓರೆ, ಮೊಣಕೈ ಒಂಚೂರು ಸಡಿಲ ಎಂಬಂಥದ್ದು. ಬರೀ ಬಿಗಿತದಿಂದ ನಿಲ್ಲುವ ಪ್ಲಾಸ್ಟಿಕ್ ಕೀಲಿನಲ್ಲಿ ಅದು ಸಾಧ್ಯ.

2008ರಲ್ಲಿ ಶುರುವಾದ ಬಂಡಾಯ್‌ನ ಎಸ್.ಎಚ್. ಫಿಗುವಾರ್ಟ್ಸ್ ಸರಣಿಯ ಆರಂಭದ, ಜಪಾನಿ ಟಿವಿಯ ಮುಖವಾಡದ ವೀರ ಕಾಮೆನ್ ರೈಡರ್ ಗೊಂಬೆಗಳನ್ನು ಸಿಕ್ಕಿದರೆ ಕೈಗೆತ್ತಿಕೊಳ್ಳಿ. ಮೈಯೆಲ್ಲ ಪ್ಲಾಸ್ಟಿಕ್, ಪಾದ ಮಾತ್ರ ಲೋಹ. ಲೋಹವನ್ನು ಬೇಕಾದಷ್ಟೇ, ಬೇಕಾದಲ್ಲೇ ಇಡುವುದು ಹೇಗೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮುಂದೆ ಆ ಪಾದಗಳೂ ಪ್ಲಾಸ್ಟಿಕ್ ಆದವು. ಅದು ನನಗಿನ್ನೂ ಬೇಸರ.

ಇನ್ನು ಒಂದೇ ಪಾತ್ರವನ್ನು ಒಂದೇ ಕಂಪನಿ ಮೂರು ಸಲ ಮಾಡಿದಾಗ ಏನಾಯಿತು ನೋಡೋಣ. ಟ್ರಾನ್ಸ್‌ಫಾರ್ಮರ್ಸ್‌ನ ನಾಯಕ ಆಪ್ಟಿಮಸ್ ಪ್ರೈಮ್, ಜಪಾನಿನಲ್ಲಿ ಕಾನ್ವಾಯ್, ಲಾರಿಯಾಗಿ ಬದಲಾಗುವವನು. 2003ರಲ್ಲಿ ತಕಾರಾ 'ಮಾಸ್ಟರ್‌ಪೀಸ್' ಸರಣಿಯ ಮೊದಲ ಗೊಂಬೆಯಾಗಿ, ಎಂಪಿ-01 ಹೆಸರಿನಲ್ಲಿ, ಅವನನ್ನು ತಂದಿತು. ಸುಮಾರು ಒಂದಡಿ ಎತ್ತರ, ತುಂಬ ಲೋಹ; ಎರಡು ಕೈಯಲ್ಲಿ ಹಿಡಿಯಬೇಕು. ಅದನ್ನು ಮೊದಲ ಬಾರಿ ಎತ್ತಿದವರು ಮರೆಯುವುದಿಲ್ಲ. 2011ರ ಎಂಪಿ-10 ಅದಕ್ಕಿಂತ ಕುಳ್ಳು, ಲೋಹವನ್ನು ಬಹುಮಟ್ಟಿಗೆ ಕೈಬಿಟ್ಟದ್ದು. ಮೊದಮೊದಲು ಗೊಣಗಿದವರಿದ್ದರು. ಆಮೇಲೆ ನೋಡಿದರೆ ದೇಹದ ಅಳತೆ ಕಾರ್ಟೂನಿಗೆ ಹತ್ತಿರ, ಲಾರಿಯಿಂದ ರೋಬೋಗೆ ಬದಲಾಯಿಸುವುದು ಸಲೀಸು, ಟ್ರೇಲರ್ ಜೊತೆಗೇ ಬಂತು, ಕಾರುಗಳಾಗುವ ಸಂಗಾತಿಗಳ ಪಕ್ಕ ಸರಿಯಾದ ಗಾತ್ರದಲ್ಲಿ ನಿಂತಿತು. ಆ ಮುಂದಿನ ಮಾಸ್ಟರ್‌ಪೀಸ್ ಕಾರುಗಳಿಗೆಲ್ಲ ಅದೇ ಅಳತೆಗೋಲಾಯಿತು. 2019ರ ಎಂಪಿ-44ರಲ್ಲೂ ಲೋಹ ತೀರಾ ಕಡಿಮೆ. ಆದರೆ ಬೆಲೆ ಮೂರರಲ್ಲೂ ಅದಕ್ಕೇ ಹೆಚ್ಚು! ದುಡ್ಡು ಹೋದದ್ದು ವಿನ್ಯಾಸಕ್ಕೆ: ಲಾರಿಯ ಮೈಯನ್ನು ನೂರೆಂಟು ಮಡಿಕೆಯಾಗಿ ರೋಬೋದೊಳಗೆ ಅಡಗಿಸುವ ಜಾಣ್ಮೆಗೆ. ಅಷ್ಟು ತೆಳುವಾದ, ಅಷ್ಟು ಬಾಗುವ ಹಲಗೆಗಳನ್ನು ಸತುವಿನಲ್ಲಿ ಎರಕ ಹೊಯ್ದರೆ ಮಡಿಚಲೂ ಆಗದು, ನಿಲ್ಲಿಸಲೂ ಆಗದು.

ನನ್ನನ್ನು ಕೇಳಿದರೆ, ಕಪಾಟಿನಲ್ಲಿ ಇಡಲು ಎಂಪಿ-10, ಕೈಯಲ್ಲಿ ಹಿಡಿದು ಕೂರಲು ಎಂಪಿ-01. ಎರಡೂ ಬೇರೆಬೇರೆ ಸುಖ. ಮೊದಲನೆಯದು ಹತ್ತು ವರ್ಷವಾದರೂ ಹಳಸುವುದಿಲ್ಲ. ಎರಡನೆಯದು ಕೈಗೆತ್ತಿಕೊಂಡಾಗ ಮಾತ್ರ ಇರುತ್ತದೆ. ಗೊಂಬೆಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವವರು ಲೋಹಕ್ಕೆ ದುಡ್ಡು ಕೊಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ; ಗಾಜಿನಾಚೆ ತೂಕ ಕಾಣಿಸುವುದೇ ಇಲ್ಲ.

ಬಾಳಿಕೆಯ ಮಾತು. ಲೋಹ ಶಾಶ್ವತ, ಪ್ಲಾಸ್ಟಿಕ್ ಪುಡಿಯಾಗುತ್ತದೆ ಎನ್ನುವವರಿಗೆ ಎರಡು ರೋಗಗಳ ಪರಿಚಯ ಮಾಡಿಸಬೇಕು. ಒಂದು, ಸತುವಿನ ಪಿಡುಗು. ಸತುವಿನಲ್ಲಿ ಸೀಸದಂಥ ಕಲ್ಮಶ ಕೊಂಚ ಉಳಿದರೂ ವರ್ಷಗಳ ಮೇಲೆ ತೇವದ ಗಾಳಿಯಲ್ಲಿ ಒಳಗಿನಿಂದಲೇ ಬಿರುಕು ಹುಟ್ಟಿ, ತುಂಡು ಉಬ್ಬಿ, ಕೊನೆಗೆ ಉದುರುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಆಟಿಕೆ ಕಾರುಗಳು ಹೀಗೆ ಹಾಳಾದದ್ದಕ್ಕೆ ಹೆಸರುವಾಸಿ. ಮದ್ದಿಲ್ಲ. ಈಗಿನ ಕಂಪನಿಗಳು ಅತಿ ಶುದ್ಧ ಸತುವನ್ನೇ ಬಳಸುವುದರಿಂದ ಭಯ ಕಡಿಮೆ, ಆದರೆ ಅಗ್ಗದ ನಕಲಿ ಡೈಕಾಸ್ಟ್ ಕೊಳ್ಳುವವರಿಗೆ ಆ ಭರವಸೆ ಯಾರೂ ಕೊಡಲಾರರು. ಇನ್ನೊಂದು ಪ್ಲಾಸ್ಟಿಕ್ಕಿನದು. ಹೊಳೆಯುವ ಚಿನ್ನದ ಬಣ್ಣದ, ಒಳಗೆ ಲೋಹದ ಚೂರು ಬೆರೆಸಿದಂಥ ಪ್ಲಾಸ್ಟಿಕ್ ಕೆಲವು ಹಳೆಯ ಟ್ರಾನ್ಸ್‌ಫಾರ್ಮರ್‌ಗಳಲ್ಲಿದೆ. ಮುಟ್ಟಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಬಿಳಿ ಎಬಿಎಸ್ ಬಿಸಿಲಿಗೆ ಹಳದಿಯಾಗುತ್ತದೆ, ಮೆತ್ತನೆಯ ಪಿವಿಸಿ ಕಾಲಾಂತರದಲ್ಲಿ ಅಂಟಂಟಾಗುತ್ತದೆ. ಒಟ್ಟಿನಲ್ಲಿ ಆಯುಸ್ಸಿನ ಪಂದ್ಯದಲ್ಲಿ ಇಬ್ಬರೂ ಸಮ. ಬಿದ್ದಾಗ ಮಾತ್ರ ಪ್ಲಾಸ್ಟಿಕ್ಕೇ ಗೆಲ್ಲುತ್ತದೆ: ಹಗುರವಾದ್ದರಿಂದ ಪೆಟ್ಟು ಕಡಿಮೆ, ಬಣ್ಣ ಕೆತ್ತಿಹೋದರೂ ಒಳಗೆ ಅದೇ ಬಣ್ಣ. ಡೈಕಾಸ್ಟಿನ ಅಂಚು ತಾಗಿದರೆ ಬೂದು ಲೋಹ ಇಣುಕುತ್ತದೆ. ಮುರಿದ ಪ್ಲಾಸ್ಟಿಕ್ ಕೀಲನ್ನು ಅಂಟಿಸಬಹುದು. ಮುರಿದ ಸತುವಿನ ಕೀಲನ್ನು ಅಂಟಿಸಿದರೂ ಅದು ತನ್ನ ಭಾರವನ್ನು ತಾನೇ ಹೊರಲಾರದು.

ಮನುಷ್ಯ ಪಾತ್ರಗಳಿಗೆ ಲೋಹ ಬೇಡವೇ ಬೇಡ. ಚರ್ಮ, ಬಟ್ಟೆ, ಕೂದಲು ಇವೆಲ್ಲ ಪ್ಲಾಸ್ಟಿಕ್ಕಿನ ಕೈಗೆ ಚೆನ್ನಾಗಿ ಒಗ್ಗುತ್ತವೆ.

ನಮ್ಮ ದೇಶದಲ್ಲಿ ಕೊಳ್ಳುವವರಿಗೆ ಮತ್ತೊಂದು ಲೆಕ್ಕವಿದೆ. ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸುಂಕ ಬೆಲೆಯ ಮೇಲೆ, ಕೊರಿಯರ್ ಬಹುತೇಕ ತೂಕದ ಮೇಲೆ. ಹೊರದೇಶದಲ್ಲಿ ಲೋಹಕ್ಕೂ ಪ್ಲಾಸ್ಟಿಕ್ಕಿಗೂ ಹತ್ತು ಸಾವಿರ ರೂಪಾಯಿ ಅಂತರವಿದ್ದರೆ, ಎಪ್ಪತ್ತರ ಸುಂಕ ಬಿದ್ದಾಗ ಅದು ಹದಿನೇಳು ಸಾವಿರ. ಮೇಲೆ ಜಿಎಸ್‌ಟಿ, ಮೇಲೆ ಸಾಗಣೆ. ಟೋಕಿಯೊದಲ್ಲಿರುವವನಿಗೆ ನ್ಯಾಯವಾದ ಬೆಲೆ ಬೆಂಗಳೂರಿನವನಿಗೂ ನ್ಯಾಯವಾಗಿರಬೇಕಿಲ್ಲ. ಊರಿಗೆ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುವವರಿಗೂ ಡೈಕಾಸ್ಟೇ ಹೊರೆ. ಹಾಗೆ ತರಿಸುವುದಾದರೆ ಗೊಂಬೆಯನ್ನು ಪೆಟ್ಟಿಗೆಯೊಳಗಿನ ಮೂಲ ತಟ್ಟೆಯಲ್ಲೇ ಇಟ್ಟು, ಪ್ಲಾಸ್ಟಿಕ್ ಹಾಳೆಯನ್ನು ಕೀಲುಗಳ ನಡುವಿನಿಂದ ತೆಗೆಯದೆ ತರಲು ಹೇಳಿ. ಲೋಹಕ್ಕೆ ಲೋಹ ಉಜ್ಜಿ ಬಣ್ಣ ಹೋಗುವುದು ದಾರಿಯಲ್ಲೇ.

ಮೊದಲ ಡೈಕಾಸ್ಟ್ ಕೊಳ್ಳುವವರು ಮಾಜಿಂಗರ್‌ನಂಥ ದುಂಡು ಕೈಕಾಲಿನ ರೋಬೋದಿಂದ ಶುರುಮಾಡಲಿ: ಚೂಪಾದ ಅಂಚು ಕಡಿಮೆ, ಬಣ್ಣ ಕೆತ್ತುವ ಜಾಗಗಳೂ ಕಡಿಮೆ, ಭಾರ ಹೆಚ್ಚಾಗಿ ಕಾಲಿನಲ್ಲಿ. ಅದರ ಜೊತೆಗೇ ಬಂಡಾಯ್‌ನ ಒಂದು ಪ್ಲಾಸ್ಟಿಕ್ ಗುಂಡಮ್ ಕಿಟ್ ಕೊಂಡು ಕೈಯಾರೆ ಜೋಡಿಸಿ. 1980ರಿಂದ ನಡೆದುಬಂದ ಸಾಲು ಅದು. ಒಂದೇ ಚೌಕಟ್ಟಿನಲ್ಲಿ ನಾಲ್ಕು ಬಣ್ಣದ ತುಂಡುಗಳನ್ನು ಅಚ್ಚು ಹಾಕಿ ಕೊಡುತ್ತಾರೆ, ಅಂಟು ಬೇಡ, ಬಣ್ಣ ಬೇಡ. ಪ್ಲಾಸ್ಟಿಕ್ ಎಷ್ಟರಮಟ್ಟಿಗೆ ಹೋಗಬಲ್ಲದೆಂದು ಬೆರಳಿಗೆ ಗೊತ್ತಾಗುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು, ಡೈಕಾಸ್ಟಿನ ತೋಳುಗಳನ್ನು ಮಾತ್ರ ಕೆಳಗಿಳಿಸಿಯೇ ಇಡಿ. ಕೀಲು ಸಡಿಲವಾದರೆ ಬಿಗಿಗೊಳಿಸಲು ಹೊರಡುವ ಮುನ್ನ ಸ್ಕ್ರೂ ಎಲ್ಲಿದೆ, ಅದು ಲೋಹಕ್ಕೆ ಕೂತಿದೆಯೋ ಪ್ಲಾಸ್ಟಿಕ್ಕಿಗೋ ನೋಡಿಕೊಳ್ಳಿ. ಸತುವಿನಲ್ಲಿ ಸ್ಕ್ರೂ ಕೂರುವ ಮರೆ ಒಮ್ಮೆ ಸವೆದರೆ ಆ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ.