ರಾತ್ರಿಯೂಟ ಎಂಟರೊಳಗೆ

ನಲವತ್ತೈದು ದಾಟಿದವರು ನಾಲ್ವರು ಸೇರಿದರೆ ಈಗ ಒಂದೇ ಮಾತು. ಅನ್ನ ಬಿಡಬೇಕೇ, ಸಕ್ಕರೆ ಬಿಡಬೇಕೇ, ತುಪ್ಪ ಬಿಡಬೇಕೇ? ಬಿಡಬೇಕಾದವುಗಳ ಪಟ್ಟಿ ಉದ್ದವಾಗುತ್ತಲೇ ಹೋಗುತ್ತದೆ. ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಡುವಯಸ್ಸಿನಲ್ಲಿ ಮೊದಲು ತಿದ್ದಬೇಕಾದದ್ದು ರಾತ್ರಿಯೂಟದ ಹೊತ್ತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದೊಂದು ಸರಿಹೋದರೆ ಉಳಿದವನ್ನು ತಿದ್ದಲು ಅಷ್ಟು ಹೆಣಗಬೇಕಾಗಿಲ್ಲ.

ಕಾರಣ ಮೈಯೊಳಗೇ ಇದೆ. ನಮ್ಮ ಜೀವಕೋಶಗಳಿಗೆ ಹಗಲು ರಾತ್ರಿಯ ಲೆಕ್ಕ ಗೊತ್ತು. ಆ ಲೆಕ್ಕ ನಡೆಯುವ ಬಗೆಯನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಯಕೃತ್ತಿಗೂ ಮೇದೋಜೀರಕ ಗ್ರಂಥಿಗೂ ಈ ಲೆಕ್ಕ ಉಂಟು. ಅದೇ ಅನ್ನವನ್ನು ಅದೇ ಅಳತೆಯಲ್ಲಿ ಬೆಳಗ್ಗೆ ಉಂಡಾಗ ರಕ್ತದ ಸಕ್ಕರೆ ಇಳಿದಷ್ಟು ಬೇಗ ರಾತ್ರಿ ಉಂಡಾಗ ಇಳಿಯುವುದಿಲ್ಲ. ನಿದ್ದೆಗೆ ಮುಂಚೆ ಏರುವ ಮೆಲಟೋನಿನ್ ಇನ್ಸುಲಿನ್ ಸ್ರಾವವನ್ನು ತಗ್ಗಿಸುವುದು ಇದಕ್ಕೊಂದು ಕಾರಣ. ಇಪ್ಪತ್ತೈದರಲ್ಲಿ ಇದೆಲ್ಲ ಗಮನಕ್ಕೆ ಬರುವುದಿಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತ ಬರುತ್ತದೆ. ಊಟದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುವೇ. ಹಾಗಾಗಿ ರಾತ್ರಿ ಹತ್ತೂವರೆಯ ಊಟ ಐವತ್ತರ ಮೈಗೆ ಹೊರೆ. ಹುಳಿತೇಗು, ಅರೆಬರೆ ನಿದ್ದೆ, ಬೆಳಗ್ಗೆ ಎದ್ದರೆ ಹಸಿವೇ ಇಲ್ಲ. ಹಸಿವಿಲ್ಲದ ನಾಲಿಗೆಗೆ ಎಂಥ ಬೆಣ್ಣೆದೋಸೆಯೂ ಸಪ್ಪೆ. ಊಟವನ್ನು ಪ್ರೀತಿಸುವವನಾಗಿ ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟ ಅನ್ನಿಸುವುದು ಇದೇ.

ಬೇಗ ಉಣ್ಣುವುದು ನಮಗೆ ಹೊಸದೇನೂ ಅಲ್ಲ. ಕತ್ತಲಲ್ಲಿ ಕಾಣದ ಹುಳುಹುಪ್ಪಟೆಗೆ ಹಿಂಸೆಯಾಗಬಾರದೆಂದು ನಿಷ್ಠೆಯ ಜೈನರು ಇವತ್ತಿಗೂ ಹೊತ್ತು ಮುಳುಗುವ ಮುನ್ನವೇ ಊಟ ಮುಗಿಸುತ್ತಾರೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದೇ 1905ರಲ್ಲಿ. ಹಳ್ಳಿಗಳಿಗೆ ಅದು ತಲುಪಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ಬುಡ್ಡಿ ದೀಪದ ಎಣ್ಣೆ ಉಳಿಸಲಾದರೂ ಜನ ಬೇಗ ಉಂಡು ಮಲಗುತ್ತಿದ್ದರು.

ಈಗ ಆರೂವರೆಗೆ ಆಫೀಸು ಬಿಟ್ಟು ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆ ದಾಟಿ ಮನೆ ಸೇರುವವರಿಗೆ ಎಂಟರೊಳಗಿನ ಊಟ ಹೇಗೆ ಸಾಧ್ಯ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಮಸ್ಯೆಯ ಕೀಲಿರುವುದು ಸಂಜೆ ಐದರ ಹಸಿವಿನಲ್ಲಿ ಎಂಬುದು ನನ್ನ ಅನುಭವ. ಮಧ್ಯಾಹ್ನ ಡಬ್ಬಿಯ ಚಿತ್ರಾನ್ನವಷ್ಟೇ ಉಂಡರೆ ಐದಕ್ಕೆ ಹೊಟ್ಟೆ ಕೂಗುತ್ತದೆ. ಆಗ ಎರಡು ಬೋಂಡ, ಒಂದು ಟೀ, ಮೇಲೊಂದು ಬಿಸ್ಕತ್ತು. ಇವು ಕೆಟ್ಟ ತಿಂಡಿಗಳೆಂದು ನಾನು ಹೇಳಲಾರೆ. ಮಳೆಗಾಲದ ಮೆಣಸಿನಕಾಯಿ ಬಜ್ಜಿಯನ್ನು ಬಿಟ್ಟುಕೊಡುವ ಮನಸ್ಸೂ ನನಗಿಲ್ಲ. ಆದರೆ ದಿನವೂ ಐದಕ್ಕೆ ಎಣ್ಣೆತಿಂಡಿ ತಿಂದವರಿಗೆ ಎಂಟಕ್ಕೆ ಹಸಿವಾಗದು, ಹತ್ತಕ್ಕೆ ಆಗುತ್ತದೆ. ಮಧ್ಯಾಹ್ನದ ಡಬ್ಬಿಗೆ ಕಾಳಿನ ಪಲ್ಯವೊಂದನ್ನು ಸೇರಿಸಿ, ಐದಕ್ಕೆ ಒಂದು ಹಿಡಿ ಬೇಯಿಸಿದ ಕಡಲೆಕಾಯಿಯನ್ನೋ ಮೊಳಕೆ ಹೆಸರುಕಾಳಿನ ಉಸಲಿಯನ್ನೋ ತಿಂದು ನೋಡಿ. ಎಂಟಕ್ಕೆ ಹದವಾದ ಹಸಿವು ತಾನಾಗಿ ಹುಟ್ಟುತ್ತದೆ.

ಮನೆಗೆ ಬಂದು ಒಲೆ ಹಚ್ಚಿ ಕೂತರೆ ಎಂಟು ಖಂಡಿತ ತಪ್ಪುತ್ತದೆ. ಬೆಳಗ್ಗೆ ಮಾಡಿಟ್ಟರೆ ಸಂಜೆಗೆ ಇನ್ನಷ್ಟು ರುಚಿಯಾಗುವ ಅಡುಗೆ ಬೇಕು. ಹಳೇ ಮೈಸೂರು ಸೀಮೆಯ ಬಸ್ಸಾರಿಗೆ ಈ ವಿಷಯದಲ್ಲಿ ಸಾಟಿಯಿಲ್ಲ. ದಂಟಿನ ಸೊಪ್ಪು, ಸಬ್ಬಸಿಗೆ, ಸಿಕ್ಕಿದರೆ ಒಂದಿಷ್ಟು ಕೀರೆ. ಮೊದಲು ಹೆಸರುಕಾಳನ್ನೋ ತೊಗರಿಬೇಳೆಯನ್ನೋ ಮುಕ್ಕಾಲು ಬೇಯಿಸಿ, ಹೆಚ್ಚಿದ ಸೊಪ್ಪು ಹಾಕಿ, ಉಪ್ಪು ಬಿದ್ದು ಸೊಪ್ಪು ಮೆತ್ತಗಾದ ಕೂಡಲೇ ನೀರು ಬಸಿಯಬೇಕು. ಕಾಳು ಒಡೆದು ಕರಗಬಾರದು, ಕಟ್ಟು ಗಂಜಿಯಾಗಿಬಿಡುತ್ತದೆ. ಕೆಂಡದ ಮೇಲೋ ಬಾಣಲೆಯಲ್ಲೋ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಚೂರು ಕಾಯಿ, ಹುಣಸೆ. ಇವುಗಳ ಜೊತೆ ಬೆಂದ ಸೊಪ್ಪುಕಾಳು ಒಂದು ಸೌಟು. ಆ ಒಂದು ಸೌಟೇ ಸಾರಿಗೆ ಮೈಕಟ್ಟು ಕೊಡುವುದು. ನುಣ್ಣಗೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪುಕಾಳಿಗೆ ಈರುಳ್ಳಿ, ಕಾಯಿತುರಿಯ ಒಗ್ಗರಣೆ ಕೊಟ್ಟರೆ ಪಲ್ಯ. ಇಡೀ ಅಡುಗೆಗೆ ಎರಡು ಚಮಚ ಎಣ್ಣೆ ಸಾಕು. ಸೊಪ್ಪು, ಕಾಳು, ಬಸಿದ ನೀರು ಯಾವುದೂ ಪೋಲಾಗುವುದಿಲ್ಲ. ಸಂಜೆ ಮತ್ತೊಮ್ಮೆ ಕುದಿಸಿದಾಗ ಬೆಳ್ಳುಳ್ಳಿಯ ಹಸಿಖಾರ ಅಡಗಿ ಹುಣಸೆ ಮುಂದೆ ಬರುತ್ತದೆ. ಬೆಳಗಿನ ಬಸ್ಸಾರಿಗಿಂತ ಸಂಜೆಯದೇ ನನಗೆ ಹೆಚ್ಚು ಇಷ್ಟ.

ಜೊತೆಗೆ ಮುದ್ದೆ. ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ, ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ಇನ್ನಷ್ಟು ಬೇರುಬಿಟ್ಟಿದೆ. ಅದು ಸರಿಯಲ್ಲ. ರಾಗಿಹಿಟ್ಟಿನ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಪಿಷ್ಟವೇ. ಹೊಲದಲ್ಲಿ ಗೇಯುವವರ ಗಾತ್ರದ ಮುದ್ದೆಯನ್ನು ಕುರ್ಚಿಯಲ್ಲಿ ಕೂತು ದುಡಿಯುವವರು ರಾತ್ರಿ ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ರಾಗಿಯ ನಿಜವಾದ ಹಿರಿಮೆ ಬೇರೆಡೆ ಇದೆ. ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ, ಪಾಲಿಶ್ ಅಕ್ಕಿಗಿಂತ ಎಷ್ಟೋ ಪಟ್ಟು ನಾರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರ ಮೂಳೆ ಬೇಗ ಸವೆಯತೊಡಗುವುದರಿಂದ ಅವರಿಗೆ ಇದು ಹೆಚ್ಚು ಮುಖ್ಯ. ಮನೆಮಂದಿಗೆಲ್ಲ ಬಡಿಸಿ ಹತ್ತೂವರೆಗೆ ತಳದಲ್ಲಿ ಉಳಿದದ್ದನ್ನು ಒಬ್ಬರೇ ಉಣ್ಣುವ ತಾಯಂದಿರು ಇಂದಿಗೂ ಎಷ್ಟೋ ಮನೆಗಳಲ್ಲಿದ್ದಾರೆ. ಮನೆಯ ಊಟದ ಹೊತ್ತು ಬದಲಾಗುವುದಾದರೆ ಮೊದಲು ಅವರ ತಟ್ಟೆಯ ಹೊತ್ತು ಬದಲಾಗಲಿ, ಎಲ್ಲರೂ ಒಟ್ಟಿಗೆ ಕೂರಲಿ.

ಮುದ್ದೆ ಚಿಕ್ಕದಿರಲಿ, ಪಲ್ಯ ಅದಕ್ಕಿಂತ ದೊಡ್ಡದಿರಲಿ. ಮುದ್ದೆಗೆ ಕೈಹಾಕುವ ಮುನ್ನ ಒಂದು ಬಟ್ಟಲು ಸೌತೆಕಾಯಿ ಕೋಸಂಬರಿಯನ್ನು ಅಗಿದು ತಿನ್ನಿ. ಮುದ್ದೆಯನ್ನು ನುಂಗುವುದೇ ವಾಡಿಕೆಯಾದ್ದರಿಂದ ಊಟ ಐದೇ ನಿಮಿಷದಲ್ಲಿ ಮುಗಿದುಹೋಗುತ್ತದೆ, ಹೊಟ್ಟೆ ತುಂಬಿತೆಂದು ತಿಳಿಯುವುದಕ್ಕೂ ಸಮಯ ಸಿಗದು.

ಒಂದು ಎಚ್ಚರಿಕೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಮಾತ್ರೆ ನುಂಗುವವರು ಊಟದ ಹೊತ್ತು ಬದಲಿಸುವ ಮುನ್ನ ತಮ್ಮ ಡಾಕ್ಟರನ್ನು ಕೇಳಲೇಬೇಕು. ಊಟ ಬೇಗನಾಗಿ ಮಾತ್ರೆ ಮೊದಲಿನ ಹೊತ್ತಿನಲ್ಲೇ ಉಳಿದರೆ ನಡುರಾತ್ರಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಇನ್ನು ಆರತಕ್ಷತೆಯ ರಾತ್ರಿಗಳು. ವಧೂವರರ ಜೊತೆ ಫೋಟೋ ತೆಗೆಸಿಕೊಂಡು ಎಲೆಯ ಮುಂದೆ ಕೂರುವಷ್ಟರಲ್ಲಿ ಒಂಬತ್ತೂವರೆ. ಕರೆದವರ ಮನೆಯ ಊಟವನ್ನು ಪಥ್ಯದ ಹೆಸರಿನಲ್ಲಿ ಬಿಟ್ಟು ಬರುವುದು ನನಗೆ ಒಪ್ಪಿಗೆಯಿಲ್ಲ. ಹೋಳಿಗೆ ಬಂದರೆ ತುಪ್ಪ ಹಾಕಿಸಿಕೊಂಡೇ ತಿನ್ನಿ. ಬಿಸಿಬೇಳೆಬಾತ್, ಅನ್ನಗಳಲ್ಲಿ ಒಂದನ್ನು ಬಿಡಿ. ಮಾರನೆಯ ದಿನ ಬೆಳಗ್ಗೆ ಹಸಿವಾಗುವವರೆಗೆ ತಿಂಡಿಗೆ ಅವಸರ ಬೇಡ. ಅಂದು ಸಂಜೆ ಮತ್ತೆ ಎಂಟರೊಳಗೆ.