ಜಿಂಪಿ ಇಲಿಯ ಸೆಳವು: ಲಿಂಗಭೇದವೆಂಬ ಮಾತಿನ ವಿಮರ್ಶೆ

ಮೈಲಿನ್ ಕೊರತೆಯುಳ್ಳ ಇಲಿಗಳಲ್ಲಿ ಸೆಳವು ಗಂಡಿಗೆ ಹೆಚ್ಚು, ಹೆಣ್ಣಿಗೆ ಕಡಮೆ. ಎಳೆಯದಕ್ಕೆ ಒಂದು ಬಗೆ, ಬೆಳೆದುದಕ್ಕೆ ಇನ್ನೊಂದು ಬಗೆ ಎಂಬಂತಹ ನಿರ್ಣಯಗಳನ್ನು ಓದಿದೊಡನೆ ವಿದ್ಯಾರ್ಥಿಯ ಮನಸ್ಸು ಹಾರ್ಮೋನುಗಳತ್ತ ಹರಿಯುವುದು ಸಹಜ. ಆದರೆ ಲಿಂಗಭೇದವೆಂಬ ಒಂದೇ ಹೆಸರಿನಡಿಯಲ್ಲಿ ಪರಸ್ಪರ ಸಂಬಂಧವಿಲ್ಲದ ಸಂಗತಿಗಳು ಅಡಗಿರಬಹುದು. ಅವನ್ನು ಬೇರ್ಪಡಿಸದೆ ಮಾಡಿದ ತುಲನೆಗೆ ಬೆಲೆ ಕಡಮೆಯೆಂದು ನಾವು ಭಾವಿಸುತ್ತೇವೆ.

1954ರಲ್ಲಿ ಫಿಲಿಪ್ಸ್ ವರ್ಣಿಸಿದ ಜಿಂಪಿ ಇಲಿಯನ್ನೇ ತೆಗೆದುಕೊಳ್ಳೋಣ. ರೋಗಪೀಡಿತ ಗಂಡುಮರಿ ಎರಡನೆಯ ವಾರದಲ್ಲಿ ನಡುಗತೊಡಗುತ್ತದೆ; ಮುಂದೆ ಸೆಳವು ಬರುತ್ತದೆ; ಸುಮಾರು ನಾಲ್ಕನೆಯ ವಾರದ ಹೊತ್ತಿಗೆ ಸಾಯುತ್ತದೆ. ಅದರ ಒಡಹುಟ್ಟಿದ ಹೆಣ್ಣುಮರಿಗಳು ಆರೋಗ್ಯವಾಗಿಯೇ ಇರುವಂತೆ ತೋರುತ್ತವೆ. ಇದಕ್ಕಿಂತ ಸ್ಪಷ್ಟವಾದ ಲಿಂಗಭೇದ ಬೇರೊಂದಿಲ್ಲವೆನ್ನಿಸೀತು. ಆದರೆ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ, ಪ್ರೋಟಿಯೋಲಿಪಿಡ್ ಪ್ರೋಟೀನಿನ ಜೀನಿನಲ್ಲಿ. ಇದು 1986ರಲ್ಲಿ ಗೊತ್ತಾಯಿತು. ಗಂಡಿಗೆ ಇರುವುದು ಒಂದೇ ಎಕ್ಸ್. ಹೆಣ್ಣಿನ ಒಂದೊಂದು ಜೀವಕೋಶದಲ್ಲಿಯೂ ಎರಡರಲ್ಲೊಂದು ಎಕ್ಸ್ ನಿಷ್ಕ್ರಿಯವಾಗುತ್ತದೆಂದು ಮೇರಿ ಲಯನ್ 1961ರಲ್ಲಿ ಸೂಚಿಸಿದರು. ಆದ್ದರಿಂದ ವಾಹಕ ಹೆಣ್ಣಿನ ಮಿದುಳು ಸ್ವಸ್ಥ ಮತ್ತು ದೋಷಯುಕ್ತ ಕೋಶಗಳ ಮಿಶ್ರಣ. ಎಳವೆಯಲ್ಲಿ ಅದರ ಮೈಲಿನ್ ಕೂಡ ಕಡಮೆಯೇ. ಬೆಳೆದಂತೆ ಸ್ವಸ್ಥ ಕೋಶಗಳು ಕೊರತೆಯನ್ನು ತುಂಬುತ್ತವೆ. ಗಂಡುಮರಿ ಪ್ರಾಯಕ್ಕೆ ಬರುವ ಮೊದಲೇ ಸಾಯುವುದರಿಂದ ಪ್ರೌಢ ವಯಸ್ಸಿನ ಹಾರ್ಮೋನುಗಳಿಗೆ ಇಲ್ಲಿ ಎಡೆಯಿಲ್ಲ. ಇದು ಜೀನಿನ ಸ್ಥಾನದಿಂದ ಬಂದ ಭೇದ, ಗಂಡುತನದಿಂದ ಬಂದುದಲ್ಲ.

ಸಿಡ್ಮನ್, ಡಿಕಿ, ಅಪೆಲ್ ಎಂಬ ಮೂವರು 1964ರಲ್ಲಿ ಜಿಂಪಿಯ ಜೊತೆಗೇ ವಿವರಿಸಿದ ಕ್ವೇಕಿಂಗ್ ಇಲಿಯ ಮಾತು ಬೇರೆ. ಅದರ ಜೀನು 17ನೆಯ ವರ್ಣತಂತುವಿನಲ್ಲಿದೆ. ಗಂಡು ಹೆಣ್ಣು ಎರಡೂ ನಡುಗುತ್ತವೆ, ಪ್ರಾಯಕ್ಕೂ ಬರುತ್ತವೆ. ಹಾರ್ಮೋನಿನ ಪ್ರಶ್ನೆಯನ್ನು ಕೇಳಬೇಕಾದುದು ಇಂತಹ ಪ್ರಾಣಿಯಲ್ಲಿ. ಆದರೆ ಇದಕ್ಕೆ ಕೈಯಿಂದ ಎತ್ತಿದರೂ ಸೆಳವು ಬರುವುದುಂಟು. ಕಾದಾಡುವ ಗಂಡುಗಳನ್ನು ಒಂಟಿಯಾಗಿಯೂ ಹೆಣ್ಣುಗಳನ್ನು ಗುಂಪಾಗಿಯೂ ಇರಿಸಿದರೆ ಎತ್ತಿಳಿಸುವಿಕೆಯೂ ಸಮವಾಗಿರದು. ಪಂಜರ ತೊಳೆಯುವ ಆಳಿನ ಕೈ ಲಿಂಗಭೇದವಾಗಿ ಕೋಷ್ಟಕವನ್ನು ಸೇರಿಬಿಡಬಹುದು!

ವಯೋಭೇದಕ್ಕೂ ಇಂತಹುದೇ ತೊಡಕು. 18ನೆಯ ವರ್ಣತಂತುವಿನಲ್ಲಿ ಮೈಲಿನ್ ಬೇಸಿಕ್ ಪ್ರೋಟೀನಿನ ಜೀನಿನ ಬಹುಭಾಗವನ್ನು ಕಳೆದುಕೊಂಡ ಶಿವರರ್ ಇಲಿ ಕೆಲವೇ ತಿಂಗಳು ಬದುಕುತ್ತದೆ. ತೀವ್ರವಾಗಿ ಸೆಳೆದವು ಮೊದಲು ಸತ್ತರೆ, ಉಳಿದವುಗಳ ಸರಾಸರಿ ತಾನಾಗಿಯೇ ಇಳಿಯುತ್ತದೆ. ಅದನ್ನು ವಯಸ್ಸಿನೊಡನೆ ಬಂದ ಗುಣವೆಂದು ಬರೆಯುವುದು ಸಲ್ಲದು. ಪ್ರತಿಯೊಂದು ಪ್ರಾಣಿಯನ್ನೂ ಕೊನೆಯವರೆಗೆ ಅನುಸರಿಸಿ ಲೆಕ್ಕವಿಡಬೇಕು.

ನಾಲ್ಕೈದು ದಿನಗಳ ಋತುಚಕ್ರದ ನೆಪವೊಡ್ಡಿ ಹೆಣ್ಣುಗಳನ್ನು ಪ್ರಯೋಗದಿಂದ ಹೊರಗಿಡುವ ರೂಢಿಯನ್ನು ನಾವು ಒಪ್ಪಲಾರೆವು. ಹೆಣ್ಣಿಲಿಗಳ ಅಳತೆಗಳು ಗಂಡುಗಳಿಗಿಂತ ಹೆಚ್ಚು ಏರುಪೇರಾಗುವುದಿಲ್ಲವೆಂದು 2014ರ ಸಮೀಕ್ಷೆಯೊಂದು ತೋರಿಸಿತು.

ಮನುಷ್ಯರಲ್ಲಿ ಇದೇ ಜೀನಿನ ದೋಷದಿಂದ ಪೆಲಿಜೇಯಸ್-ಮೆರ್ಜ್‌ಬಾಖರ್ ರೋಗ ಬರುತ್ತದೆ. ಪೀಡಿತರು ಬಹುಮಟ್ಟಿಗೆ ಗಂಡುಮಕ್ಕಳು. ವಿಚಿತ್ರವೆಂದರೆ, ಗಂಡಿನಲ್ಲಿ ರೋಗ ಸೌಮ್ಯವಾಗಿರುವ ಮನೆತನಗಳಲ್ಲಿಯೇ ವಾಹಕ ಸ್ತ್ರೀಗೆ ಲಕ್ಷಣಗಳು ಕಾಣುವ ಸಂಭವ ಹೆಚ್ಚು. ತೀವ್ರ ದೋಷದ ಕೋಶಗಳು ಬೇಗ ಸತ್ತು ಸ್ವಸ್ಥ ಕೋಶಗಳಿಗೆ ಸ್ಥಳ ಬಿಡುತ್ತವೆ. ಸೌಮ್ಯ ದೋಷದವು ಬದುಕಿ ಉಳಿಯುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಅಣ್ಣತಮ್ಮಂದಿರ ರೋಗದ ತೀವ್ರತೆಯನ್ನು ಕೇಳದೆ, ಹೆಣ್ಣೆಂಬ ಕಾರಣದಿಂದಲೇ ಅವಳಿಗೆ ಅಭಯ ಹೇಳುವ ವೈದ್ಯನು ಅವಳಿಗೆ ತಪ್ಪು ಹೇಳಿದಂತಾಗುತ್ತದೆ.